ಅಕ್ಷರವಿರುವ ಕಡೆ ಮೇಲೆ

ಗಡಿಯಾರ ರಿಪೇರಿಯವನು ಕಾರಿನ ಕೀಲಿಯನ್ನು ಎರಡು ಹೋಳು ಮಾಡಿ, ಒಳಗೆ ನೋಡಿ, ನಕ್ಕ. ನಕ್ಕದ್ದು ಕೀಲಿಯನ್ನು ನೋಡಿಯೋ ತನ್ನನ್ನು ನೋಡಿಯೋ ಎದುರು ನಿಂತಿದ್ದ ಹುಡುಗಿಗೆ ತಿಳಿಯಲಿಲ್ಲ. ಅವನ ಒಂದು ಕಣ್ಣಿಗೆ ಭೂತಗನ್ನಡಿ ಅಂಟಿಕೊಂಡಿತ್ತು, ಇನ್ನೊಂದು ಕಣ್ಣು ಮುಚ್ಚಿತ್ತು. "ಈ ಸೆಲ್ ಹಾಕಿದ್ದು ಯಾರಮ್ಮ?" ಎಂದ. "ನಾನೇ" ಎಂದಳು. ಹೇಳಿದ ಮೇಲೆ, ಹೌದಾ ಎಂದುಕೊಂಡಳು. "ಸೆಲ್ಲಿಗೇನೂ ಆಗಿಲ್ಲ, ಹೊಸದೇ ಇದೆ. ಪಾಪ, ಮಕಾಡೆ ಮಲಗಿಸಿದ್ದೀಯ ಅಷ್ಟೆ. ಅಕ್ಷರ ಇರೋ ಕಡೆ ಮೇಲೆ ಬರ್ಬೇಕು. ಪ್ಲಸ್ ಅಂತ ಎಷ್ಟು ದೊಡ್ಡದಾಗಿ ಬರೆದಿದ್ದಾರೆ ನೋಡು. ಓದೋಕೆ ಬರುತ್ತೆ ತಾನೆ?" ಪಕ್ಕದಲ್ಲಿ ಕೈಗಡಿಯಾರದ ಪಟ್ಟಿ ಆರಿಸುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು. "ಬರುತ್ತೆ" ಎಂದಳು ಇವಳು. ಹಾಗೆ ಹೇಳಬೇಕಾಗಿ ಬಂದಾಗಲೆಲ್ಲ ಆ ಮಾತು ಸುಳ್ಳಿನ ಹಾಗೆಯೇ ಕೇಳಿಸುತ್ತಿತ್ತು. ಎಂಟನೇ ತರಗತಿಯ ಬೆಂಚಿನಿಂದ ಎದ್ದು ಬಂದವಳು ಮತ್ತೆ ಕೂತಿರಲಿಲ್ಲ; ಅದರ ಗುರುತು ಮುಖದ ಮೇಲೆ ಎಲ್ಲೋ ಇರಬೇಕು, ಅಂಗಡಿಯವರು, ಬಸ್ಸಿನವರು, ಆಸ್ಪತ್ರೆಯ ಚೀಟಿ ಬರೆಯುವವರು ಎಲ್ಲರೂ ನೇರವಾಗಿ ಅಲ್ಲಿಗೇ ಕೈ ಹಾಕುತ್ತಾರೆ. ಅವನು ಚಿಮಟದಿಂದ ಆ ಸೆಲ್ಲಿನ ಬಿಲ್ಲೆಯನ್ನೆತ್ತಿ ಮಗುಚಿ ಇಟ್ಟ. ಹೋಳುಗಳನ್ನು ಒತ್ತಿದ. ಗುಂಡಿ ಅದುಮಿದರೆ ಕೀಲಿಯ ಮೂಲೆಯಲ್ಲಿ ಕೆಂಪು ಚುಕ್ಕೆಯೊಂದು ಮಿಣುಕಿತು.

"ಇನ್ನೊಂದು ವಿಷಯ ಕೇಳಿಸ್ಕೋ. ಸೆಲ್ ಸತ್ತೇ ಹೋದ್ರೂ ಗಾಡಿ ನಿಲ್ಲಲ್ಲ. ಈ ಪಟ್ಟಿ ಎಳೆದ್ರೆ ಒಳಗೊಂದು ಕಬ್ಬಿಣದ ಕೀಲಿ ಇದೆ, ಬಾಗಿಲು ಅದರಲ್ಲಿ ತೆಗೀಬಹುದು. ಆಮೇಲೆ ಇದನ್ನ ಸ್ಟಾರ್ಟ್ ಬಟನ್ನಿಗೆ ಒತ್ತಿ ಹಿಡಿದ್ರೆ ಇಂಜಿನ್ ಶುರು ಆಗುತ್ತೆ. ಗಾಡಿ ಓಡಿಸೋರಿಗೆ ಇದೆಲ್ಲ ಗೊತ್ತೇ ಇರುತ್ತೆ ಬಿಡು." ಅವಳು ತಲೆಯಾಡಿಸಿ ಕೀಲಿಯನ್ನು ಮುಷ್ಟಿಯೊಳಗೆ ಇಟ್ಟುಕೊಂಡು ರಸ್ತೆಗೆ ಇಳಿದಳು. ಗಾಡಿ ಓಡಿಸುವವರಿಗೆ ಗೊತ್ತಿರುತ್ತದೆ. ಆದರೆ ದೊಡ್ಡಪ್ಪ ಎರಡು ಗುರುವಾರವೂ ಮನೆಯ ಮುಂದೆ ನಿಂತು, ಸತ್ತ ಕೀಲಿಯನ್ನು ಎಲ್ಲರಿಗೂ ತೋರಿಸಿ, ಕಬ್ಬಿಣದ ಕೀಲಿ ತೂರಿಸಿದರೆ ಅಲಾರಂ ಬಡಿದುಕೊಳ್ಳುತ್ತದೆ, ಇಂಜಿನ್ನು ಲಾಕ್ ಆಗಿಬಿಡುತ್ತದೆ, ಆಮೇಲೆ ಕಂಪನಿಯವರೇ ಬರಬೇಕು ಎಂದಿದ್ದರು. ಇಪ್ಪತ್ತೆಂಟು ವರ್ಷ ಆಂಬುಲೆನ್ಸ್ ಓಡಿಸಿದವರು ಹಾಗೆಂದ ಮೇಲೆ ಯಾರು ಅಡ್ಡ ಮಾತಾಡುತ್ತಾರೆ. ಎರಡು ಸಲವೂ ಟ್ಯಾಕ್ಸಿ ಕರೆಸಿ ದೊಡ್ಡಮ್ಮನನ್ನು ವ್ಯಾಯಾಮ ಮಾಡಿಸುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾಯಿತು. ಎರಡು ಸಲವೂ ಅಣ್ಣ ಇವಳ ಕಡೆ ತಿರುಗಿ, "ಏನಮ್ಮ ಇಂಜಿನಿಯರ್, ಒಂದು ಬಿಲ್ಲೆ ಹಾಕೋಕೆ ಬರಲ್ವಾ?" ಎಂದಿದ್ದ. ಸರಿಯಾಗಿಯೇ ಹಾಕಿದ್ದೆ, ಹಾಕಿದ ದಿನ ನಡೆಯಿತಲ್ಲ ಎಂದರೆ, "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಿದ್ದ. ದೊಡ್ಡಪ್ಪನ ಮಗ ಅವನು. ಮೊಬೈಲ್ ರಿಪೇರಿ ಮಾಡುವ ಕಡೆ ಕೆಲಸ. ಅಲ್ಲಿಯ ಯಜಮಾನಿಗೆ ಸಣ್ಣ ಸ್ಕ್ರೂ ಬಿಚ್ಚುವ ಕೈಯೊಂದು ಬೇಕಾಗಿದೆ, ಗುರುವಾರ ಹನ್ನೊಂದಕ್ಕೆ ನಿನ್ನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದವನೂ ಅವನೇ. "ಈ ಸಲಾನೂ ಕೀಲಿ ಕೈಕೊಟ್ರೆ ನನ್ನ ಬಾಯಿಂದ ನಿನ್ನ ಹೆಸರು ಬರಲ್ಲ ನೋಡು. ನಾಳೆ ಅಲ್ಲಿ ಸಾವಿರ ರೂಪಾಯಿ ಪರದೆ ಮುರಿದ್ರೆ ನನ್ನ ಮುಖಕ್ಕೇ ಉಗೀತಾರೆ" ಎಂದು ಸೇರಿಸಿದ್ದವನೂ ಅವನೇ. ನಾಳೆಯೇ ಗುರುವಾರ.

ನಡೆಯುತ್ತ ಅವಳು ಬೆರಳುಗಳಿಂದ ನೆನಪು ಮಾಡಿಕೊಳ್ಳಲು ನೋಡಿದಳು. ಮೊದಲ ಸಲ ಹಾಕಿದ್ದು ಚೆನ್ನಾಗಿ ನೆನಪಿದೆ, ಫೋನಿನಲ್ಲಿ ವಿಡಿಯೋ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ, ಅಕ್ಷರ ಕಾಣುವ ಹಾಗೆ ಕೂರಿಸಿದ್ದಳು. ಕಾರು ಕೆಳಗಿನಿಂದ ಕುಂಯ್ ಕುಂಯ್ ಎಂದಾಗ ದೊಡ್ಡಮ್ಮ ಚಪ್ಪಾಳೆ ತಟ್ಟಲು ಹೋಗಿ ಬೆರಳು ನೋವೆಂದು ಬಿಟ್ಟಿದ್ದರು. ಎರಡನೆಯ ಸಲ, ಕೀಲಿ ಸತ್ತ ಮೇಲೆ ಬಿಚ್ಚಿದಾಗ, ಪಿನ್ನು ತಾಗಿ ಬಿಲ್ಲೆ ಚಿಮ್ಮಿ ಕಪಾಟಿನ ಕೆಳಗೆ ಉರುಳಿಹೋಗಿತ್ತು. ಒಳಗೆ ಅದು ಯಾವ ಮಗ್ಗುಲಲ್ಲಿ ಮಲಗಿತ್ತು ಎಂದು ಅವಳು ನೋಡಿಕೊಂಡಿರಲೇ ಇಲ್ಲ. ಹೊಸದನ್ನು ಹಾಕಿದಳು. ಅಕ್ಷರ ಮೇಲಿತ್ತು. ಇತ್ತೇ? ಬಾಗಿಲಲ್ಲಿ ನಿಂತು ಒತ್ತಿ ನೋಡಿದಾಗ ನಡೆದಿತ್ತು. ನಡೆದಿತ್ತು ಎಂದರೆ ಮೇಲೇ ಇರಬೇಕು. ಹಾಗಾದರೆ ಇವತ್ತು ಅಂಗಡಿಯವನು ಕಂಡದ್ದು ಯಾರ ಕೈಕೆಲಸ? ಬಿಲ್ಲೆ ತಾನಾಗಿ ಮಗ್ಗುಲು ಬದಲಾಯಿಸುತ್ತದೆಯೇ, ಜೇಬಿನಲ್ಲಿ ಕುಲುಕಿ ಕುಲುಕಿ? ಹಾಗೂ ಆಗಬಹುದೇನೋ, ತಾನು ಓದದೆ ಬಿಟ್ಟ ಪಾಠಗಳಲ್ಲಿ ಅದೂ ಇದ್ದಿರಬಹುದು. ಇಷ್ಟಕ್ಕೂ ಯಾರಾದರೂ ಕೇಳಿದರೆ ಮೊದಲು ಬಾಯಿಗೆ ಬರುವುದು 'ನಾನೇ' ಎಂದು. ಒಡೆದ ಲೋಟಕ್ಕೆ, ಉರಿಯುತ್ತಲೇ ಉಳಿದ ದೀಪಕ್ಕೆ, ಕಾಣೆಯಾದ ಕತ್ತರಿಗೆ, ಎಲ್ಲಕ್ಕೂ ಆ ಮನೆಯಲ್ಲಿ ಮೊದಲು ಅವಳ ಬಾಯಿ ತೆರೆಯುತ್ತಿತ್ತು, ಆಮೇಲೆ ನೆನಪು ಓಡಿ ಬಂದು ಸೇರಿಕೊಳ್ಳುತ್ತಿತ್ತು.

ದಾರಿಯಲ್ಲಿ ನಾಲ್ಕು ರಸ್ತೆ ಕೂಡುವ ಸರ್ಕಲ್ ಬಂತು. ಹಸಿರು ದೀಪ ಬಿದ್ದರೂ ಅವಳು ದಾಟದೆ ನಿಂತಳು. ಇಲ್ಲಿಯೇ. ಮೂರು ವಾರದ ಕೆಳಗೆ, ಕೀಲಿ ಇನ್ನೂ ಚೆನ್ನಾಗಿದ್ದ ಗುರುವಾರ, ಮುಂದಿನ ಸೀಟಿನಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿ ಕೂತಿದ್ದರು, ಹಿಂದಿನ ಸೀಟಿನಲ್ಲಿ ಇವಳು. ಹಸಿರು ಬಿತ್ತು. ದೊಡ್ಡಪ್ಪ ಗಾಡಿಯನ್ನು ಒಂದು ಮೊಳ ಮುಂದೆ ತಂದರು. ಎಡಗಡೆಯಿಂದ ಎರಡು ಸ್ಕೂಟರ್ ನುಗ್ಗಿದವು, ಒಂದು ಲಾರಿ ಮೂತಿ ತೂರಿಸಿತು, ಯಾರೂ ಇವರ ಕಡೆ ನೋಡಲೇ ಇಲ್ಲ. ದೊಡ್ಡಪ್ಪ ನಿಲ್ಲಿಸಿದರು. ಕೆಂಪು ಬಿತ್ತು. ಮತ್ತೆ ಹಸಿರು, ಮತ್ತೆ ಒಂದು ಮೊಳ, ಮತ್ತೆ ನಿಂತರು. ಹಿಂದಿನಿಂದ ಹಾರನ್ನುಗಳು ಒಂದರ ಮೇಲೊಂದು ಬಿದ್ದವು. ಆಗ ಅವರ ಎಡಗೈ ಸ್ಟೀರಿಂಗ್ ಬಿಟ್ಟು ಮುಂದಿನ ಹಲಗೆಯ ಮೇಲೆ ಏನನ್ನೋ ಹುಡುಕಿತು, ರೇಡಿಯೋದ ಪಕ್ಕ, ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ, ಏನೂ ಇಲ್ಲದ ಜಾಗದಲ್ಲಿ. ಹುಡುಕಿದ್ದು ಏನನ್ನೆಂದು ಅವಳಿಗೆ ತಿಳಿಯಲು ಮೂರನೆಯ ಹಸಿರು ದೀಪ ಬೇಕಾಯಿತು. ಸೈರನ್ನಿನ ಗುಂಡಿ. ಇಪ್ಪತ್ತೆಂಟು ವರ್ಷ ಅವರೆದುರು ರಸ್ತೆಗಳು ತಾವಾಗಿ ಬಾಯಿಬಿಟ್ಟಿದ್ದವು. ಬಸ್ಸುಗಳು ಪಕ್ಕಕ್ಕೆ ಸರಿದಿದ್ದವು, ಕೆಂಪು ದೀಪ ಅವರಿಗೆ ಬಣ್ಣದ ಗಾಜು ಅಷ್ಟೇ ಆಗಿತ್ತು. ಬೀದಿಯ ಮಕ್ಕಳು ಈಗಲೂ ಅವರನ್ನು ಸೈರನ್ ತಾತ ಎನ್ನುತ್ತವೆ. ಬೇರೆಯವರ ಹಾಗೆ ಕಾದು, ನುಸುಳಿ, ಬೈಸಿಕೊಂಡು ದಾಟುವುದನ್ನು ಅವರು ಕಲಿತೇ ಇರಲಿಲ್ಲ. ಟ್ರಾಫಿಕ್ಕಿನವನು ಬಂದು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ, "ಏನ್ ಯಜಮಾನ್ರೇ, ಈಗ ಕಲೀತಾ ಇದೀರಾ? ತಳ್ಳಿಸ್ಬೇಕಾ?" ಎಂದ. ದೊಡ್ಡಪ್ಪ ಕನ್ನಡಿಯಲ್ಲಿ ನೋಡಿದರು. ಹಿಂದಿನ ವಾಹನ ನೋಡಲೆಂದೇ ಇರಬೇಕು, ಆದರೆ ಸಿಕ್ಕಿದ್ದು ಇವಳ ಕಣ್ಣು. ಇವಳು ಕೂಡಲೇ ಕಿಟಕಿಯ ಕಡೆ ತಿರುಗಿದ್ದಳು. ಆ ತಿರುಗಿದ್ದೇ ತಪ್ಪಾಯಿತು. ಅಂದಿನಿಂದ ದೊಡ್ಡಪ್ಪ ಇವಳ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳುವಾಗಲೂ ಲೋಟವನ್ನೇ ನೋಡುತ್ತಾರೆ.

ಮನೆಗೆ ಬಂದು ಕೀಲಿ ಕೊಟ್ಟಾಗ ದೊಡ್ಡಪ್ಪ ಕಿಟಕಿಯ ಹತ್ತಿರ ಹೋಗಿ ಒತ್ತಿದರು. ಕೆಳಗೆ ಕಾರು ಕುಂಯ್ ಎಂದಿತು, ದೀಪಗಳು ಹೊಳೆದವು. "ಹೂಂ" ಎಂದರು. ಆಮೇಲೆ, ಬೆನ್ನು ತಿರುಗಿಸಿಕೊಂಡೇ, "ಅಂಗಡಿಯವನು ಏನಂದ?" ಎಂದರು. ಅವಳಿಗೆ ಹೇಳಬೇಕಾದದ್ದು ಎರಡೇ ಮಾತು. ಯಾರೋ ತಿರುಗಿಸಿ ಹಾಕಿದ್ದಾರಂತೆ. ಬದಲಿಗೆ "ಸೆಲ್ಲು ಕೆಟ್ಟು ಹೋಗಿತ್ತಂತೆ, ಬೇರೆ ಹಾಕಿದ್ರು" ಎಂದಳು. ಯಾಕೆ ಹಾಗೆಂದಳೋ. ದೊಡ್ಡಪ್ಪ "ಬೇರೆ ಹಾಕಿದ್ನಾ. ಒಳ್ಳೇದಾಯ್ತು" ಎಂದರು. ಆ 'ಒಳ್ಳೇದಾಯ್ತು' ಒಳಗೆ ಒಳ್ಳೆಯದೇನೂ ಇರಲಿಲ್ಲ. ಡಾಕ್ಟರು ನೋವಿನ ಸೂಜಿ ಹಿಡಿದು ಬಂದಾಗ ರೋಗಿ ಹೇಳುವ ಮಾತಿನ ಹಾಗಿತ್ತು.

ಮರುದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಅವಳು ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. ಒದ್ದೆ ದುಪ್ಪಟಿ ಹಗ್ಗದ ಮೇಲೆ ಬಿದ್ದು ಅವಳನ್ನೂ ಬಿಸಿಲನ್ನೂ ಬೇರೆ ಮಾಡಿತು. ಆ ಕಡೆ ಯಾರೋ ಬಂದು ಸ್ಟೂಲಿನ ಮೇಲೆ ಕೂತದ್ದು ನೆರಳಾಗಿ ಕಂಡಿತು. ಕೆಮ್ಮಿನಿಂದ ದೊಡ್ಡಪ್ಪ ಎಂದು ತಿಳಿಯಿತು. ನೆರಳಿನ ಕೈಯಲ್ಲಿ ಸಣ್ಣದೇನೋ ಇತ್ತು. ಹೆಬ್ಬೆರಳು ಅದರ ಸಂದಿಗೆ ಹೋಯಿತು. ದೊಡ್ಡಪ್ಪನ ಬಲ ಹೆಬ್ಬೆರಳಿನ ಉಗುರು ಉದ್ದ. ಕಟ್ ಎಂದಿತು. ಕೈ ಬಾಯಿಯ ಹತ್ತಿರ ಹೋಯಿತು, ಮಗುವಿನ ಕಣ್ಣಿಗೆ ಬಿದ್ದ ಕಸಕ್ಕೆ ಊದುವ ಹಾಗೆ ಊದಿದ ಸದ್ದು. ಮತ್ತೆ ಟಕ್. ಅವಳು ಹಿಂಡಿದ ಅಂಗಿಯೊಂದನ್ನು ಹಿಡಿದು ನಿಂತಿದ್ದಳು, ನೀರು ಮೊಣಕೈಗೆ ಇಳಿಯುತ್ತಿತ್ತು. ಗಾಳಿ ಬಂದು ದುಪ್ಪಟಿಯ ಒಂದು ಮೂಲೆ ಎದ್ದಿತು. ದೊಡ್ಡಪ್ಪ ಅವಳ ಕಾಲುಗಳನ್ನು ಕಂಡರು, ಆಮೇಲೆ ತಲೆ ಬಗ್ಗಿಸಿ ಮುಖವನ್ನು. "ನೀನಿಲ್ಲಿದ್ದೀಯಾ" ಎಂದರು. "ಹೂಂ, ಬಟ್ಟೆ." "ಧೂಳು ಕೂತಿತ್ತು. ಊದಿದೆ" ಎಂದು ಎದ್ದು ಹೋದರು. ಧೂಳು. ಇರಬಹುದು. ಕೀಲಿಯ ಹೊರಗಿನ ಧೂಳಿಗೆ ಒಳಗೆ ಯಾಕೆ ಊದಬೇಕು? ಒಳಗೇ ಊದಿದರು ಎಂದು ತಾನು ಹೇಗೆ ಹೇಳಲಿ, ಕಂಡದ್ದು ಒದ್ದೆ ಬಟ್ಟೆಯ ಮೇಲಿನ ನೆರಳು. ಈಗಲೇ ಹೋಗಿ ಗೂಡಿನಲ್ಲಿರುವ ಕೀಲಿ ಬಿಚ್ಚಿ ನೋಡಬಹುದು. ತಿರುಗಿದ್ದರೆ ಸರಿ ಮಾಡಬಹುದು. ಸರಿ ಮಾಡಿದರೆ ಹತ್ತು ಗಂಟೆಗೆ ದೊಡ್ಡಪ್ಪ ಆ ಸರ್ಕಲ್ಲಿಗೆ ಹೋಗಬೇಕು. ಮಾಡದಿದ್ದರೆ ಹನ್ನೊಂದು ಗಂಟೆಗೆ ತಾನು ಎಲ್ಲಿಗೂ ಹೋಗುವಂತಿಲ್ಲ. ಅವಳು ಅಂಗಿಯನ್ನು ಮತ್ತೊಮ್ಮೆ ಹಿಂಡಿದಳು, ಅದರಲ್ಲಿ ನೀರು ಉಳಿದಿರಲಿಲ್ಲ. ಆಮೇಲೆ ಉಳಿದ ಬಟ್ಟೆಗಳನ್ನೆಲ್ಲ ಹರವಿದಳು, ಒಂದೊಂದಕ್ಕೂ ಎರಡೆರಡು ಕ್ಲಿಪ್ಪು ಹಾಕಿದಳು, ಕ್ಲಿಪ್ಪು ಮುಗಿಯುವ ತನಕ.

ಒಂಬತ್ತೂವರೆಗೆ ಎಲ್ಲರೂ ಕೆಳಗೆ ಕಾರಿನ ಹತ್ತಿರ ನಿಂತಿದ್ದರು. ದೊಡ್ಡಮ್ಮ ಕೋಲಿನ ಮೇಲೆ ಭಾರ ಹಾಕಿ, ಅಣ್ಣ ಸ್ಕೂಟರಿಗೆ ಒರಗಿ. ದೊಡ್ಡಪ್ಪ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೀಲಿ ಒತ್ತಿದರು. ಏನೂ ಆಗಲಿಲ್ಲ. ಕೈ ಮೇಲೆತ್ತಿ ಒತ್ತಿದರು, ಹತ್ತಿರ ಹೋಗಿ ಒತ್ತಿದರು. ಅವರ ಮುಖದಲ್ಲಿ ಮೂಡಿದ ಆಶ್ಚರ್ಯ ಎಷ್ಟು ನಿಜವಾಗಿತ್ತೆಂದರೆ ಅವಳಿಗೆ ಬೆಳಗಿನ ನೆರಳಿನ ಮೇಲೇ ಅನುಮಾನ ಬಂತು.

"ಮುಗೀತು" ಎಂದ ಅಣ್ಣ. "ಇದನ್ನ ಅಂಗಡಿಗೆ ತಗೊಂಡು ಹೋಗಿದ್ಯೋ, ಇಲ್ಲ ನೀನೇ ಮತ್ತೆ ಕೈ ಆಡ್ಸಿದ್ಯೋ?"

"ಅಂಗಡೀಲೇ ಹಾಕ್ಸಿದ್ದು. ನಿನ್ನೆ ನಡೀತಿತ್ತು. ದೊಡ್ಡಪ್ಪಾನೇ ನೋಡಿದ್ರು."

"ನಿನ್ನೆ ನಡೀತಿತ್ತು, ಮೊನ್ನೆ ನಡೀತಿತ್ತು. ನೀನು ಮುಟ್ಟಿದ್ದೆಲ್ಲ ಒಂದು ದಿನದ್ದೇ. ಬಿಚ್ಚು, ಇಲ್ಲೇ ಬಿಚ್ಚು, ನೋಡೇ ಬಿಡೋಣ."

ದೊಡ್ಡಪ್ಪ ಕೀಲಿಯನ್ನು ಕೊಡಲು ಒಂದು ಕ್ಷಣ ತಡ ಮಾಡಿದರು. ಅವಳು ತೆಗೆದುಕೊಂಡು, ಸಂದಿಗೆ ಉಗುರು ಹಾಕಿ, ಕಾರಿನ ಬಾನೆಟ್ಟಿನ ಮೇಲಿಟ್ಟು ಬಿಚ್ಚಿದಳು. ಬಿಲ್ಲೆಯ ಮೇಲೆ ಅಕ್ಷರವಿರಲಿಲ್ಲ. ಬೋಳು ಬೆನ್ನು ಬಿಸಿಲಿಗೆ ಹೊಳೆಯುತ್ತಿತ್ತು.

"ಆಹಾ" ಎಂದ ಅಣ್ಣ. ಅವನಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು, ಅದು ಇನ್ನೂ ಕಷ್ಟವಾಗಿತ್ತು. "ನಮ್ಮಲ್ಲಿ ಮೊದಲನೇ ದಿನ ಕಲಿಸೋದೇ ಇದು ಕಣಮ್ಮ. ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ. ನಾನು ಏನಂತ ಹೇಳ್ಲಿ ಅವರಿಗೆ? ಬೇಡ ಬಿಡು, ನೀನು ಮನೇಲೇ ಇರು. ಫೋನ್ ಮಾಡಿ ಬೇರೆಯವರನ್ನ ನೋಡ್ಕೊಳ್ಳಿ ಅಂತೀನಿ."

"ಹೋಗ್ಲಿ ಬಿಡೋ" ಎಂದರು ದೊಡ್ಡಪ್ಪ. "ಅವಳಿಗೆ ಎಲ್ಲಿಂದ ಬರ್ಬೇಕು ಇದೆಲ್ಲ. ಓದಿದ್ದು ಎಷ್ಟು ಅಂತ."

ಅವರು ಅದನ್ನು ಮೆತ್ತಗೆ, ಕರುಣೆಯಿಂದಲೇ ಹೇಳಿದರು. ಅದಕ್ಕೇ ಏನೋ. ಬೈದಿದ್ದರೆ ಸುಮ್ಮನಿರುತ್ತಿದ್ದಳು. ಕಿವಿಯೊಳಗೆ ಬಿಸಿಯಾದದ್ದೇನೋ ಸುರಿದ ಹಾಗಾಯಿತು, ಮತ್ತು ಅವಳ ಬಲಗೈ, ಅವಳನ್ನು ಕೇಳದೆ, ಪಕ್ಕದಿಂದ ಎದ್ದಿತು. ತೋರುಬೆರಳು ಚಾಚಿತ್ತು. ದೊಡ್ಡಪ್ಪನ ಎದೆಯ ಕಡೆಗೆ, ಇಸ್ತ್ರಿ ಮಾಡಿದ ಅಂಗಿಯ ಮೂರನೆಯ ಗುಂಡಿಗೆ ನೇರವಾಗಿ, ಅದು ನಿಂತಿತ್ತು. ಬಾಯಿ ತೆರೆದಿತ್ತು, ಮಾತಿನ್ನೂ ಬಂದಿರಲಿಲ್ಲ. ದೊಡ್ಡಪ್ಪ ಬೆರಳನ್ನು ನೋಡಿದರು. ಆಮೇಲೆ, ಮೂರು ವಾರದಲ್ಲಿ ಮೊದಲ ಸಲ, ನೇರವಾಗಿ ಅವಳ ಕಣ್ಣನ್ನು ನೋಡಿದರು. ಬೇಡ ಎನ್ನುವ ನೋಟವಲ್ಲ ಅದು. ರಸ್ತೆ ದಾಟಲು ನಿಂತವನು, ಯಾವ ಕಡೆಯಿಂದ ಬರುತ್ತದೆ ಎಂದು ನೋಡುವ ನೋಟ.

"ನಾನು ಕಣೋ" ಎಂದರು ದೊಡ್ಡಮ್ಮ.

ಎಲ್ಲರೂ ತಿರುಗಿದರು. "ನಾನೇ ತಿರುಗಿಸಿಟ್ಟೆ. ಮೂರು ಸಲಾನೂ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡ. ಆ ಕಾರಲ್ಲಿ ಕೂತ್ರೆ ನಂಗೆ ಸೊಂಟ ಹಿಡಿಯುತ್ತೆ, ಟ್ಯಾಕ್ಸೀನೇ ಹಾಯಾಗಿರುತ್ತೆ, ಅದಕ್ಕೇ."

ಕೋಲಿನ ಹಿಡಿಯ ಮೇಲೆ ದೊಡ್ಡಮ್ಮನ ಬೆರಳುಗಳು ಶುಂಠಿಯ ಗೆಣ್ಣುಗಳ ಹಾಗೆ ಅತ್ತಿತ್ತ ಸೊಟ್ಟಗಾಗಿ ಒಂದರ ಮೇಲೊಂದು ಕೂತಿದ್ದವು. ಮಾತ್ರೆಯ ಹಾಳೆ ಹರಿಯಲಾರದ ಬೆರಳುಗಳು ಅವು. ಬೆಳಿಗ್ಗೆ ಅವರ ರವಿಕೆಯ ಗುಂಡಿ ಹಾಕಿದ್ದು ಇವಳು. ಅಣ್ಣ ಆ ಬೆರಳುಗಳನ್ನು ನೋಡಿದ, ಬಾನೆಟ್ಟಿನ ಮೇಲಿನ ಕೀಲಿಯ ಕೂದಲೆಳೆಯಷ್ಟು ಸಂದಿಯನ್ನು ನೋಡಿದ, "ಅಮ್ಮ, ನೀನಾ?" ಎಂದ. "ಯಾಕೆ, ನನ್ನ ಕೈಲಿ ಆಗಲ್ವಾ?" ಎಂದು ದೊಡ್ಡಮ್ಮ ಗದರಿದರು. ಅಣ್ಣ ನಗಬೇಕೋ ಬೇಡವೋ ಎಂದು ಎಲ್ಲರ ಮುಖ ನೋಡಿದ. ದೊಡ್ಡಪ್ಪ ಮಾತ್ರ ಬೆರಳುಗಳನ್ನೇ ನೋಡುತ್ತಿದ್ದರು. ನೋಡಿ ನೋಡಿ ಅವರ ಬಾಚಿದ ತಲೆ, ಇಸ್ತ್ರಿ ಅಂಗಿ ಎಲ್ಲ ಹಾಗೇ ಇದ್ದು, ಒಳಗಿನ ಮನುಷ್ಯ ಮಾತ್ರ ಒಂದು ಮೆಟ್ಟಿಲು ಕೆಳಗೆ ಇಳಿದ ಹಾಗೆ ಕಂಡಿತು.

"ಅವತ್ತು ನೀನು ಮಲಗಿದ್ದೆ ಅಂದ್ಕೊಂಡಿದ್ದೆ" ಎಂದರು.

"ಅಷ್ಟು ಹಾರನ್ ಹೊಡೀತಿದ್ರೆ ಯಾರಿಗೆ ರೀ ನಿದ್ದೆ ಬರುತ್ತೆ."

"ಯಾರೂ ದಾರಿ ಬಿಡಲ್ಲ ಕಣೇ ಅಲ್ಲಿ" ಎಂದರು ದೊಡ್ಡಪ್ಪ. ದೂರು ಹೇಳುವ ಮಗುವಿನ ದನಿ. "ಎಷ್ಟು ಹೊತ್ತು ಕಾದ್ರೂ, ಒಬ್ಬನೂ ಬಿಡಲ್ಲ. ಯಾವಾಗ ಹೋಗ್ಬೇಕು ಅಂತಾನೇ ಗೊತ್ತಾಗಲ್ಲ."

"ಗೊತ್ತಾಗದಿದ್ರೆ ಬೇಡ. ಟ್ಯಾಕ್ಸಿ ಕರೀರಿ, ಕಾಲು ನೋಯ್ತಿದೆ."

ಅಷ್ಟೇ. ಅಣ್ಣ ಬೇರೇನೂ ಕೇಳಲಿಲ್ಲ. ಟ್ಯಾಕ್ಸಿಗೆ ಫೋನ್ ಮಾಡಿದ. ಅವಳ ಬೆರಳು ಯಾವಾಗ ಕೆಳಗಿಳಿಯಿತೋ ಅವಳಿಗೆ ತಿಳಿಯಲಿಲ್ಲ. ದೊಡ್ಡಮ್ಮ ಅದನ್ನು ನೋಡಿದ್ದರೇ? ನೋಡಿಯೇ ಮಾತಾಡಿದರೇ, ಇವಳ ಬಾಯಿ ಮುಚ್ಚಿಸಲು? ಅಥವಾ ಇವಳನ್ನು ಉಳಿಸಲು? ಎರಡೂ ಒಂದೇ ಮಾತಿನಲ್ಲಿ ಆಗುತ್ತದೆಯೇ? ಟ್ಯಾಕ್ಸಿ ಹತ್ತಿಸುವಾಗ ದೊಡ್ಡಮ್ಮ ಎಂದಿನಂತೆ ಇವಳ ಭುಜದ ಮೇಲೇ ಭಾರ ಹಾಕಿದರು, ಎಂದಿಗಿಂತ ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. ದೊಡ್ಡಪ್ಪ ಚಾಲಕನ ಪಕ್ಕದಲ್ಲಿ ಕೂತು ಸೀಟಿನ ಬೆಲ್ಟನ್ನು ಹುಡುಕುತ್ತಿದ್ದರು.

ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟ ಅಣ್ಣ ಸ್ಕೂಟರನ್ನು ಸರ್ಕಲ್ಲಿನಲ್ಲಿ ಎಲ್ಲರ ಹಾಗೆ ನುಗ್ಗಿಸಿ, ಬೈಸಿಕೊಂಡು, ಬೈದು ದಾಟಿಸಿದ. "ತಪ್ಪು ತಿಳ್ಕೋಬೇಡ" ಎಂದು ಗಾಳಿಗೆ ಕೂಗಿದ, "ನಾನೇನೋ ನೀನೇ ಅಂದ್ಕೊಂಡಿದ್ದೆ." ಅವಳು "ಪರವಾಗಿಲ್ಲ" ಎಂದಳು, ಅವನಿಗೆ ಕೇಳಿಸಲಿಲ್ಲ. ತಾನು ಮಾತಾಡಿರಲಿಲ್ಲ, ಅದು ನಿಜ. ಮಾತಾಡುವವಳಿದ್ದಳೇ? ಇನ್ನೊಂದು ಉಸಿರು ಸಿಕ್ಕಿದ್ದರೆ? ದೊಡ್ಡಮ್ಮ ಆ ಉಸಿರನ್ನು ತೆಗೆದುಕೊಂಡುಬಿಟ್ಟಿದ್ದರು. ಈಗ ಅದನ್ನು ಯಾರೂ ಅಳೆಯಲಾರರು. ದೊಡ್ಡಪ್ಪನಿಗೆ ಮಾತ್ರ ಗೊತ್ತು. ಇಲ್ಲ, ಅವರಿಗೂ ಗೊತ್ತಿಲ್ಲ, ಅವರು ಕಂಡದ್ದು ಬೆರಳು ಅಷ್ಟೇ.

ರಿಪೇರಿಯ ಕೋಣೆ ಉದ್ದಕ್ಕಿತ್ತು, ಪ್ರತಿ ಮೇಜಿನ ಮೇಲೂ ಬಗ್ಗಿದ ಕತ್ತಿನ ದೀಪ. ಯಜಮಾನಿ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅವಳನ್ನು ಒಮ್ಮೆ ನೋಡಿದರು. ಎಷ್ಟು ಓದಿದ್ದೀಯ ಎಂಬ ಪ್ರಶ್ನೆಗೆ ಅವಳು ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಅವರು ಅದನ್ನು ಕೇಳಲಿಲ್ಲ. "ಕೈ ಚಾಚು. ಬಲಗೈ. ಒಂದು ಬೆರಳು ಸಾಕು" ಎಂದರು. ಸಾಸಿವೆಗಿಂತ ಸಣ್ಣ ಸ್ಕ್ರೂ ಒಂದನ್ನು ಚಿಮಟದಿಂದ ಎತ್ತಿ ಅವಳ ತೋರುಬೆರಳಿನ ಉಗುರಿನ ಮೇಲೆ, ತಲೆ ಕೆಳಗಾಗಿ, ನಿಲ್ಲಿಸಿದರು. "ಐವತ್ತು ಎಣಿಸ್ತೀನಿ. ಬೀಳಬಾರದು. ಸುಮ್ನೆ ಚಾಚಿದ್ರೂ ನಡುಗೋ ಕೈ ನನಗೆ ಬೇಡ."

ಅಣ್ಣ ಪಕ್ಕಕ್ಕೆ ಸರಿದು ನಿಂತ. ದೀಪದ ಬೆಳಕು ಬೆರಳಿನ ಮೇಲೆ ಬಿದ್ದಿತ್ತು. ಬೆಳಿಗ್ಗೆ ದೊಡ್ಡಪ್ಪನ ಎದೆಯ ಕಡೆಗೆ ಎದ್ದಿದ್ದ ಬೆರಳೇ ಅದು; ಈಗ ಯಾರ ಕಡೆಗೂ ಅಲ್ಲದೆ, ಎದುರಿನ ಗೋಡೆಯ ಕಡೆಗೆ ಚಾಚಿತ್ತು. ಹತ್ತು ಆಯಿತು, ಇಪ್ಪತ್ತು ಆಯಿತು. ಈಗ ನಡುಗುತ್ತದೆ ಎಂದು ಅವಳು ಕಾದಳು. ನಡುಗಬೇಕು, ಇಷ್ಟೆಲ್ಲ ಆದ ಮೇಲೆ ಯಾರ ಬೆರಳಾದರೂ ನಡುಗುತ್ತದೆ, ಸ್ವಲ್ಪವಾದರೂ ನಡುಗು ಎಂದು ಒಳಗೊಳಗೇ ಅದನ್ನು ಬೇಡಿಕೊಂಡಳು. ಮೂವತ್ತು. ಸ್ಕ್ರೂ ನೆಟ್ಟ ಕಂಬದ ಹಾಗೆ ನಿಂತಿತ್ತು. "ಅಬ್ಬಾ" ಎಂದರು ಯಜಮಾನಿ, ಎಣಿಕೆಯ ನಡುವೆಯೇ. "ಇಂಥ ಕೈ ನೋಡಿ ಎಷ್ಟೋ ವರ್ಷ ಆಯ್ತು." ಅಣ್ಣ ಹೆಮ್ಮೆಯಿಂದ ಕೆಮ್ಮಿದ. ಬೆರಳು ಕೇಳಲಿಲ್ಲ. ನಲವತ್ತರ ಹತ್ತಿರ ಅವಳು ಅದನ್ನು ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡಳು. ಯಜಮಾನಿ ಎಣಿಸುತ್ತಲೇ ಇದ್ದರು.